ವೈಂಡಿಂಗ್ ಅಕ್ಕ ಕಟ್ಟಿದ ಜೀವಶಾಸ್ತ್ರದ ಕೋಣೆ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ವೈಂಡಿಂಗ್ ಅಕ್ಕ ಎಂದೇ. ಲೈಬ್ರರಿಯ ಎದುರು ಸಾಲಿನಲ್ಲಿ, ದರ್ಜಿ ಅಂಗಡಿಗೂ ಬೇಕರಿಗೂ ನಡುವೆ ಒತ್ತಿಕೊಂಡಂತಿರುವ ಸಣ್ಣ ಅಂಗಡಿ ಆಕೆಯದು. ಸುಟ್ಟುಹೋದ ಮೋಟಾರಿನ ಕರಕಲು ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸುವುದು ಆಕೆಯ ಕಸುಬು. ಮಿಕ್ಸಿ, ಫ್ಯಾನು, ನೀರೆತ್ತುವ ಪಂಪು, ಇಸ್ತ್ರಿಪೆಟ್ಟಿಗೆ, ಏನು ಕೆಟ್ಟರೂ ಬೀದಿಯವರ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ.

ನಾನು ಈ ಲೈಬ್ರರಿಯನ್ನು ನೋಡಿಕೊಳ್ಳುವವನು. ನನ್ನ ಮೇಜಿನಿಂದ ಕಿಟಕಿಯಾಚೆ ಕಣ್ಣು ಹಾಯಿಸಿದರೆ ನೇರವಾಗಿ ಆಕೆಯ ಕೆಲಸದ ಬೆಂಚೇ ಕಾಣುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಇನ್ನರ್ಧ ಆ ಮನೆಯವರೇ ನನ್ನ ಮುಂದೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತ ಹೇಳಿದ್ದು.

ಅಕ್ಕನ ಅಪ್ಪನೂ ಇದೇ ಕೆಲಸ ಮಾಡುತ್ತಿದ್ದವರು. ಮಗಳು ಸಂಜೆ ಶಾಲೆಯಿಂದ ಬಂದು ಅವರ ಪಕ್ಕದಲ್ಲಿ ಸಣ್ಣ ಸ್ಟೂಲು ಹಾಕಿಕೊಂಡು ಕೂತು ಸುತ್ತುಗಳನ್ನು ಎಣಿಸುತ್ತಿದ್ದಳು. ಅಪ್ಪ ಸುತ್ತುವುದು, ಮಗಳು ಎಣಿಸುವುದು. ನಡುವೆ ಯಾರಾದರೂ ಗಿರಾಕಿ ಮಾತಾಡಿಸಿದರೆ ಇಬ್ಬರೂ ಒಟ್ಟಿಗೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರಂತೆ. ಆಕೆ ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಅಪ್ಪನ ಕೈ ನಡುಗಲು ಶುರುವಾಯಿತು. ಸಣ್ಣ ತಂತಿ ಹಿಡಿತಕ್ಕೆ ಸಿಗದಾಯಿತು. ಮಗಳು ಪುಸ್ತಕ ಎತ್ತಿಟ್ಟು ಬೆಂಚಿಗೆ ಬಂದಳು.

"ಬೇಜಾರಿತ್ತಾ?" ಎಂದು ಒಮ್ಮೆ ಕೇಳಿದ್ದೆ.

"ಬೇಜಾರು ಯಾಕಣ್ಣ? ಇಷ್ಟಪಟ್ಟೇ ಬಂದೆ. ಅಪ್ಪನಿಗಿಂತ ಚೆನ್ನಾಗಿ ಸುತ್ತುತ್ತಿದ್ದೆ, ಅದನ್ನ ಅವರ ಬಾಯಲ್ಲೇ ಹೇಳಿಸಿದ್ದೀನಿ," ಎಂದು ನಕ್ಕರು.

ಮದುವೆಯಾಗಿ ಈ ಬೀದಿಗೆ ಬಂದಾಗ ಬೆಂಚನ್ನೂ ಜೊತೆಗೇ ತಂದರು. ಗಂಡ ಬಸ್ಸಿನ ಚಾಲಕ, ಮಾತು ಕಡಿಮೆ, ಊಟ ಜಾಸ್ತಿ. ಅತ್ತೆ ಮಾತ್ರ ಗಟ್ಟಿಗಿತ್ತಿ. ಸೊಸೆಯ ಕೈಗೆ ಹತ್ತಿದ ವಾರ್ನಿಷ್ ವಾಸನೆಗೆ ಮೊದಲ ವರ್ಷ ಮೂಗು ಮುರಿದರು, ಎರಡನೇ ವರ್ಷ ತಮ್ಮ ಮಿಕ್ಸಿ ಸುಟ್ಟುಹೋಯಿತು, ಆಮೇಲೆ ಆ ಮಾತೇ ಎತ್ತಲಿಲ್ಲ.

ಸ್ವಲ್ಪ ವರ್ಷಗಳ ಮೇಲೆ ಮೈದುನನ ಮದುವೆಯಾಗಿ ಓರಗಿತ್ತಿ ಬಂದರು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವರು. ಬೀದಿಯವರಿಗೆ ಅವರು ಬಂದ ದಿನದಿಂದಲೂ 'ಟೀಚರ್'. ಮನೆ ಒಂದೇ, ಮಹಡಿ ಬೇರೆ: ಕೆಳಗೆ ಅತ್ತೆ ಮತ್ತು ದೊಡ್ಡವರ ಸಂಸಾರ, ಮೇಲೆ ಚಿಕ್ಕವರದು. ಓರಗಿತ್ತಿಯರ ನಡುವೆ ಜಗಳ ಎಂಬುದು ಒಂದು ದಿನವೂ ಆಗಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ ಎನ್ನುವುದು ಸರಿ. ವಯಸ್ಸಿನಲ್ಲಿ ಹಿರಿಯರಾದರೂ ಅಕ್ಕ ಚಿಕ್ಕವರನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಕಾಲೇಜಿಂದ ಬಂದ್ರಾ?" "ಟೀ ಕುಡಿತೀರಾ?" ಅಷ್ಟೇ. ಟೀಚರೂ "ಹೂಂ ಅಕ್ಕ, ಬೇಡ ಅಕ್ಕ" ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದರು. ಅಕ್ಕನಿಗೆ ಅವರ ಓದಿನ ಅಳುಕು. ಟೀಚರಿಗೆ ಇವರ ಕೈಕೆಲಸದ ಅಳುಕು. ಅಂಗಡಿಗೆ ಟೀಚರ್ ಒಂದು ಸಲವೂ ಕಾಲಿಟ್ಟಿರಲಿಲ್ಲ.

ಹೀಗಿರುವಾಗ ಕಾಲೇಜಿನವರು ಜೀವಶಾಸ್ತ್ರಕ್ಕೆ ಸೇರುವವರು ಸಾಲದೆಂದು ಆ ವಿಭಾಗವನ್ನೇ ಮುಚ್ಚಿದರು. ಟೀಚರ್ ಮನೆಯಲ್ಲಿ ಕೂತರು. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಲೈಬ್ರರಿಗೆ ಬಂದು, ಒಂದೇ ಪತ್ರಿಕೆ ಹಿಡಿದು, ಒಂದೇ ಪುಟ ತೆರೆದಿಟ್ಟುಕೊಂಡು ಮಧ್ಯಾಹ್ನದವರೆಗೆ ಇರುತ್ತಿದ್ದರು. ನಾನೂ ನೋಡಿ ನೋಡದಂತಿದ್ದೆ.

ಒಂದು ದಿನ ಆ ಪುಟ ತಿರುಗಿತು. ಎಲ್ಲೆಲ್ಲೋ ಕೆಲವರು ಗ್ಯಾರೇಜಿನಲ್ಲಿ, ಅಡುಗೆಮನೆಯಲ್ಲಿ ತಮ್ಮ ಕೈಯಾರೆ ಪ್ರಯೋಗಶಾಲೆ ಮಾಡಿಕೊಂಡು, ಅಕ್ಕಪಕ್ಕದವರಿಗೆಲ್ಲ ಜೀವಶಾಸ್ತ್ರ ಕಲಿಸುತ್ತಿದ್ದಾರೆ ಎಂಬ ಬರಹ. ಅದನ್ನು ಓದಿ ಎದ್ದವರೇ ನೇರ ನನ್ನ ಮೇಜಿಗೆ ಬಂದರು.

"ಈ ಲೈಬ್ರರಿ ಮೇಲಿನ ಕೋಣೆ ಖಾಲಿ ಇದ್ಯಲ್ಲ, ಅಲ್ಲಿ ಏನಿದೆ?"

"ಮುರಿದ ಕುರ್ಚಿಗಳಿವೆ. ಹಳೇ ಪೇಪರ್ ಕಟ್ಟುಗಳಿವೆ. ಒಂದು ನಲ್ಲಿ, ಎರಡು ಪ್ಲಗ್ ಪಾಯಿಂಟು. ಒಂದು ಜಿರಳೆ ಸಂಸಾರ."

"ಸಾಕು," ಎಂದರು. "ಜೀವಶಾಸ್ತ್ರಕ್ಕೆ ಶುರುವಾತು ಆಯ್ತು."

ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾನುವಾರಗಳಿಗೆ ಕೋಣೆ ಕೊಡಿಸುವುದು ಕಷ್ಟವಾಗಲಿಲ್ಲ. ಲೈಬ್ರರಿ ಸಮಿತಿಯವರು ಕುರ್ಚಿಗಳನ್ನು ಯಾರಾದರೂ ತೆಗೆದರೆ ಸಾಕು ಎಂದು ಕಾಯುತ್ತಿದ್ದರು. ತೊಡಕಾದದ್ದು ಸಲಕರಣೆಗಳದ್ದು. ಕಂಪನಿಯವರ ಬೆಲೆಪಟ್ಟಿ ತರಿಸಿ ನೋಡಿದ ಟೀಚರ್, ಅದನ್ನು ಮಡಿಸಿ ಕಪಾಟಿನ ಮೇಲಿಟ್ಟು, ಮತ್ತೆ ಮನೆ ಸೇರಿದರು.

ಅಂದು ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಹೋದಾಗ ಓರಗಿತ್ತಿ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು. ಬುಟ್ಟಿಯಲ್ಲಿದ್ದದ್ದೆಲ್ಲ ಆಗಲೇ ಮಡಿಸಿಟ್ಟ ಬಟ್ಟೆ. ಅದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅಕ್ಕನಿಗೆ ತಡೆಯಲಾಗಲಿಲ್ಲ. ಕೈ ತೊಳೆಯುವುದನ್ನೂ ಬಿಟ್ಟು ಪಕ್ಕದಲ್ಲಿ ಕೂತರು.

"ಲೈಬ್ರರಿಯಣ್ಣ ಹೇಳಿದ್ರು. ನಿಮ್ಮ ಆ ಮಷೀನುಗಳು ಏನು ಮಾಡ್ತವೆ, ಹೇಳಿ ನೋಡೋಣ."

"ಒಂದು ಜೋರಾಗಿ ತಿರುಗುತ್ತೆ ಅಕ್ಕ. ಒಂದು ಯಾವಾಗ್ಲೂ ಒಂದೇ ಸಮ ಬೆಚ್ಚಗಿರುತ್ತೆ. ಒಂದು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುತ್ತೆ. ಇನ್ನೊಂದು ಸಣ್ಣದನ್ನ ದೊಡ್ಡದಾಗಿ ತೋರಿಸುತ್ತೆ."

"ತಿರುಗೋದು, ಕಾಯೋದು, ಬೇಯೋದು. ಇಷ್ಟೇನಾ? ನನ್ನ ಅಂಗಡಿಗೆ ದಿನಾ ಬರೋದು ಇವೇ ತಾನೆ. ತೋರಿಸೋದೊಂದು ಗೊತ್ತಿಲ್ಲ, ನೋಡೋಣ."

ಟೀಚರ್ ಬಟ್ಟೆ ಕೆಳಗಿಟ್ಟರಂತೆ.

ಮೊದಲು ಕೈಗೂಡಿದ್ದು ಬೆಚ್ಚನೆಯ ಪೆಟ್ಟಿಗೆ. ಮೀನು ಮಾರುವವರು ಐಸ್ ತುಂಬಿಡುವ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಅಕ್ಕ ಮೂರು ಸಲ ಸೋಪು ಹಾಕಿ ತೊಳೆದು, ಒಳಗೊಂದು ಬಲ್ಬು ಕೂಡಿಸಿ, ಕೋಳಿಮೊಟ್ಟೆ ಮರಿ ಮಾಡುವವರು ಬಳಸುವ ಸಣ್ಣ ಥರ್ಮೋಸ್ಟಾಟ್ ಜೋಡಿಸಿದರು. ಶಾಖ ಏರಿದರೆ ಬಲ್ಬು ಆರಬೇಕು, ಇಳಿದರೆ ಹತ್ತಬೇಕು. ಹತ್ತಿತು, ಆರಿತು. ಆದರೆ ಬಲ್ಬಿನ ಪಕ್ಕ ಇಟ್ಟದ್ದು ಬೇಯುತ್ತಿತ್ತು, ಮೂಲೆಯಲ್ಲಿಟ್ಟದ್ದು ತಣ್ಣಗಿತ್ತು. ಟೀಚರ್ ನಾಲ್ಕು ಮೂಲೆಗೂ ಥರ್ಮಾಮೀಟರ್ ಇಟ್ಟು ಅದನ್ನು ಕಂಡುಹಿಡಿದರು. ಅಕ್ಕ ಸತ್ತುಹೋದ ಕಂಪ್ಯೂಟರಿನ ಪುಟ್ಟ ಫ್ಯಾನು ಕೂಡಿಸಿ ಅದನ್ನು ಸರಿಮಾಡಿದರು. ಕ್ರಿಮಿ ಎತ್ತಿಡುವ ಕಡ್ಡಿಗೆ, ಬೆಂಕಿಯಲ್ಲಿ ಕೆಂಪಗೆ ಕಾದರೂ ಕರಗದ ತಂತಿ ಬೇಕೆಂದಾಗ ಅಕ್ಕ ಹಳೆಯ ಕಾಯಿಲ್ ಒಲೆಯ ತಂತಿ ನೇರ ಮಾಡಿ, ತುದಿಯಲ್ಲಿ ಎಳ್ಳಿನಷ್ಟು ಬಳೆ ಸುತ್ತಿ, ಪೆನ್ನಿನ ಕೊಳವೆಗೆ ಸಿಕ್ಕಿಸಿ ಕೊಟ್ಟರು. ಇಂಥವನ್ನು ಆಕೆ ಟೀ ಆರುವಷ್ಟರಲ್ಲಿ ಒಂದು ಹಿಡಿ ಮಾಡಿಬಿಟ್ಟರು.

ಕುಕ್ಕರಿನ ವಿಷಯಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಹಬೆಯಲ್ಲಿ ಬೇಯಿಸಲು ದೊಡ್ಡ ಪ್ರೆಷರ್ ಕುಕ್ಕರೇ ಬೇಕಿತ್ತು, ಬೀದಿಯಲ್ಲಿ ಅಷ್ಟು ದೊಡ್ಡದು ಇದ್ದದ್ದು ಅತ್ತೆಯ ಬಳಿ.

"ಏನು ಬೇಯಿಸ್ತೀರ ಅದರಲ್ಲಿ?" ಅತ್ತೆ ಕೇಳಿದರು.

ಟೀಚರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮೊದಲು ಆಲೂಗಡ್ಡೆ ರಸ ಅತ್ತೆ. ಆಮೇಲೆ... ಬೆಳೆದಿರೋ ಬೂಷ್ಟು, ಬ್ಯಾಕ್ಟೀರಿಯಾ. ಸಾಯಿಸಿ ಬಿಸಾಕೋಕೆ."

"ನನ್ನ ಕುಕ್ಕರಲ್ಲಿ? ಬೂಷ್ಟು?"

ಅತ್ತೆ ಎರಡು ದಿನ ಇಬ್ಬರು ಸೊಸೆಯರೊಂದಿಗೂ ಮಾತು ಬಿಟ್ಟರು. ಮೂರನೆಯ ದಿನ ಅವರೇ ಕುಕ್ಕರನ್ನು ಎತ್ತಿಕೊಂಡು ಅಂಗಡಿಗೆ ಬಂದು ಬೆಂಚಿನ ಮೇಲೆ ಕುಕ್ಕಿದರು. ಮುಚ್ಚಳದ ಮೇಲೂ ತಳದ ಮೇಲೂ ಕೆಂಪು ಪೇಂಟಿನಲ್ಲಿ ದಪ್ಪಗೆ ಗುಣಿಸುವ ಗುರುತು ಹಾಕಿದ್ದರು. "ಇದು ಇನ್ನು ಮನೆ ಹೊಸಿಲು ದಾಟಿ ಒಳಗೆ ಬಂದ್ರೆ ನಾನು ಹೊರಗೆ. ದೊಡ್ಡ ಮಗನ ಹತ್ರ ಹೊಸದು ಕೊಡಿಸ್ಕೊಂಡೆ," ಎಂದರು. ಅಕ್ಕ ಹೊಸ ರಬ್ಬರು, ಹೊಸ ಸುರಕ್ಷತಾ ವಾಲ್ವು ಹಾಕಿ ಮೇಲಿನ ಕೋಣೆಗೆ ಸಾಗಿಸಿದರು.

ತೋರಿಸುವ ಯಂತ್ರಕ್ಕೂ ದಾರಿ ಸಿಕ್ಕಿತು. ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾದ ಮಸೂರವನ್ನು ತಿರುಗಾಮುರುಗಾ ಮಾಡಿ ಕೂಡಿಸಿದರೆ ಅದೇ ಸೂಕ್ಷ್ಮದರ್ಶಕವಾಗುತ್ತದೆಂದು ಟೀಚರ್ ಓದಿದ್ದರು. ಅಕ್ಕ ಮರದ ಹಲಗೆಗೆ ಉದ್ದನೆಯ ಬೋಲ್ಟು ನಿಲ್ಲಿಸಿ, ನಟ್ಟು ತಿರುಗಿಸಿದರೆ ಗಾಜಿನ ತಟ್ಟೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗುವಂತೆ ಮಾಡಿದರು. ಚಿತ್ರ ಹಳೆಯ ಮಾನಿಟರಿನ ಮೇಲೆ ಮೂಡುತ್ತಿತ್ತು. ಒಬ್ಬರು ಬಗ್ಗಿ ನೋಡುವುದರ ಬದಲು ಕೋಣೆಯವರೆಲ್ಲ ಕೂತಲ್ಲೇ ನೋಡಬಹುದಿತ್ತು.

ಉಳಿದದ್ದು ತಿರುಗುವ ಯಂತ್ರ. ಅದೇ ಸುಲಭದ್ದೆಂದು ಅಕ್ಕ ಕೊನೆಗಿಟ್ಟುಕೊಂಡಿದ್ದರು. ಮಿಕ್ಸಿ ಮೋಟಾರಿನ ಮೇಲೆ ಅಲ್ಯುಮಿನಿಯಂ ಬಿಲ್ಲೆ, ಬಿಲ್ಲೆಯ ಸುತ್ತ ಓರೆಯಾಗಿ ಕೊರೆದ ತೂತುಗಳು, ತೂತುಗಳಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳು. ಜೋರಾಗಿ ತಿರುಗಿದಾಗ ಕೊಳವೆಯಲ್ಲಿನ ಭಾರದ ಅಂಶ ತಳಕ್ಕೆ ಕೂರಬೇಕು, ತಿಳಿ ಮೇಲುಳಿಯಬೇಕು. ಅಂದು ಮೇಲಿನ ಕೋಣೆಯಲ್ಲಿ ಟೀಚರ್ ಇದ್ದರು, ನಾನಿದ್ದೆ, ಮೂವರಿಗೂ ಟೀ ಬಂದಿತ್ತು. ಅಕ್ಕ ಒಂದು ಕೊಳವೆಗೆ ಹಾಲು ತುಂಬಿ ಬಿಲ್ಲೆಗೆ ಸಿಕ್ಕಿಸಿ ಸ್ವಿಚ್ ಒತ್ತಿದರು.

ಮೊದಲು ಗುಂಯ್ ಎಂದಿತು. ಆಮೇಲೆ ಗಡಗಡ ಎಂದಿತು. ನೋಡುತ್ತಿದ್ದಂತೆ ಯಂತ್ರ ತಾನಾಗಿ ಮೇಜಿನ ಮೇಲೆ ನಡೆಯತೊಡಗಿತು, ಟೀಚರ್ ನಿಂತಿದ್ದ ಕಡೆಗೇ.

"ಹಿಂದಕ್ಕೆ ಸರಿಯೇ! ಸರಿಯೇ ಆ ಕಡೆ!" ಎಂದು ಅಕ್ಕ ಕಿರುಚಿ, ಓರಗಿತ್ತಿಯ ರಟ್ಟೆ ಹಿಡಿದು ಎಳೆದು, ಇನ್ನೊಂದು ಕೈಯಿಂದ ಪ್ಲಗ್ ಕಿತ್ತರು. ಅಷ್ಟರಲ್ಲಿ ಕೊಳವೆ ಹಾರಿ ಗೋಡೆಗೆ ಬಡಿದಿತ್ತು, ಟೀ ಲೋಟವೊಂದು ನೆಲಕ್ಕೆ ಬಿದ್ದು ಚೂರಾಗಿತ್ತು, ನನ್ನ ಕನ್ನಡಕದ ಮೇಲೆ ಹಾಲು. ಯಾರಿಗೂ ಪೆಟ್ಟಾಗಿರಲಿಲ್ಲ. ನಾನು ನಗಲು ಹೋದೆ. ಅಕ್ಕನ ಮುಖ ನೋಡಿ ಕನ್ನಡಕ ತೆಗೆದು ಒರೆಸಿಕೊಂಡೆ. ಅವರು ಗಾಜಿನ ಚೂರುಗಳನ್ನು ಆರಿಸಿ, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದುಹೋದರು.

ಮಾರನೆಯ ದಿನ ಮೇಲಿನ ಕೋಣೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೆಂಚಿಗೆ ಹೋಗಿ ವಿಚಾರಿಸಿದರೆ ತಲೆಯೆತ್ತದೆ ಪಂಪಿಗೆ ತಂತಿ ಸುತ್ತುತ್ತಿದ್ದರು.

"ರಿಪೇರಿ ಬೇರೆ ಅಣ್ಣ, ಮಾಡೋದು ಬೇರೆ. ರಿಪೇರಿಗೆ ಬರೋದನ್ನ ಯಾರೋ ಮೊದಲೇ ಯೋಚನೆ ಮಾಡಿ ಮಾಡಿರ್ತಾರೆ. ನಾನು ಅದನ್ನ ಮೊದಲಿದ್ದ ಹಾಗೆ ತರೋದಷ್ಟೇ. ಹೊಸದು ಮಾಡೋಕೆ ಹೋಗಿ ಆ ಹುಡುಗಿ ಮುಖಕ್ಕೆ ಹೊಡೆಸ್ತಿದ್ದೆ."

ನಾನು ವಾಪಸ್ಸು ಬಂದು ಕೂತೆ. ಆಗ ಕಿಟಕಿಯಿಂದ ಕಂಡದ್ದು ಇದು: ಟೀಚರ್ ಬೀದಿ ದಾಟಿ ಬಂದರು, ಅಂಗಡಿಯ ಮುಂದೆ ಸ್ವಲ್ಪ ನಿಂತರು, ಆಮೇಲೆ ತಲೆ ಬಾಗಿಸಿ ಒಳಗೆ ಹೋದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಅಕ್ಕ ಗಡಿಬಿಡಿಯಿಂದ ಎದ್ದು ಕುರ್ಚಿಯ ಮೇಲಿದ್ದ ಫ್ಯಾನಿನ ರೆಕ್ಕೆಗಳನ್ನು ತೆಗೆದು, ಸೆರಗಿನಿಂದ ಕುರ್ಚಿ ಒರೆಸಿದರು. ಒಳಗೆ ನಡೆದ ಮಾತು ಆಮೇಲೆ ಇಬ್ಬರೂ ಹೇಳಿದ್ದು.

"ಅಕ್ಕ, ತಪ್ಪು ನಂದು," ಎಂದರಂತೆ ಟೀಚರ್. "ಒಂದು ಕೊಳವೆ ಇಟ್ರೆ ಅದರ ಎದುರಿನ ತೂತಿಗೆ ಅಷ್ಟೇ ತೂಕದ ಇನ್ನೊಂದು ಇಡ್ಬೇಕು. ಹುಡುಗರಿಗೆ ಮೊದಲನೇ ದಿನ ಹೇಳೋ ಪಾಠ ಅದು. ನಿಮಗೆ ಹೇಳೋಕೆ ಮರೆತೆ."

"ತಿರುಗೋ ಚಕ್ರಕ್ಕೆ ಎರಡೂ ಕಡೆ ತೂಕ ಸಮ ಇರ್ಬೇಕು ಅನ್ನೋದು ನನಗೆ ಗೊತ್ತಿಲ್ವಾ? ಫ್ಯಾನು ರಿಪೇರಿ ಮಾಡೋಳು ನಾನು. ನಿಮ್ಮ ಮುಂದೆ ಬೇಗ ತೋರಿಸ್ಬೇಕು ಅನ್ನೋ ಆಸೆ, ತಲೆ ಓಡಲಿಲ್ಲ."

"ನಿಮ್ಮ ಮುಂದೆ?" ಎಂದರು ಟೀಚರ್. "ಮೊನ್ನೆ 'ಹಿಂದಕ್ಕೆ ಸರಿಯೇ' ಅಂದ್ರಲ್ಲ ಅಕ್ಕ."

ಅಕ್ಕ ನಾಲಿಗೆ ಕಚ್ಚಿಕೊಂಡರು. "ಗಾಬರೀಲಿ ಬಾಯಿಗೆ ಬಂತು. ತಪ್ಪು ತಿಳ್ಕೋಬೇಡಿ."

"ತಪ್ಪು ತಿಳ್ಕೊಂಡಿಲ್ಲ. ಅದನ್ನೇ ಕೇಳೋಕೆ ಬಂದೆ. ಹಾಗೇ ಕರೀರಿ. ನಮ್ಮಮ್ಮ ಹೋದ್ಮೇಲೆ ನನ್ನನ್ನ ಹಾಗೆ ಗದರೋರೇ ಇಲ್ಲ."

ಅಕ್ಕ ಕೈಲಿದ್ದ ತಂತಿಯನ್ನು ಬೆಂಚಿನ ಮೇಲಿಟ್ಟರಂತೆ. ಆಮೇಲೆ, "ಸರಿ, ಹಾಗಾದ್ರೆ ಆ ಸ್ಟೀಲ್ ಡಬ್ಬಿ ಎತ್ಕೊಡೇ ಇತ್ಲಾಗೆ. ಕೂತ್ಕೊಂಡು ನೋಡ್ತಿದ್ರೆ ಕೆಲಸ ಆಗುತ್ತಾ?" ಎಂದರು.

ಸಂಜೆಯವರೆಗೆ ಇಬ್ಬರೂ ಬೆಂಚಿನ ಎರಡು ಬದಿಗೆ ಕೂತಿದ್ದು ಕಂಡಿತು. ಬಿಲ್ಲೆಯ ಸುತ್ತ ದಪ್ಪ ಸ್ಟೀಲ್ ಡಬ್ಬಿಯ ಗೋಡೆ ಬಂತು, ಮೇಲೆ ಮುಚ್ಚಳ ಬಂತು, ಮುಚ್ಚಳ ಭದ್ರವಾಗಿ ಕೂರದ ಹೊರತು ಮೋಟಾರು ತಿರುಗದಂತೆ ಒಂದು ಸ್ವಿಚ್ ಬಂತು, ಕಾಲುಗಳಿಗೆ ರಬ್ಬರು ಬಂತು. ವೇಗ ಮೆಲ್ಲಗೆ ಏರಲೆಂದು ಫ್ಯಾನಿನ ರೆಗ್ಯುಲೇಟರ್ ಸೇರಿಸಿದರು. ಟೀಚರ್ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಕೊಳವೆಗಳನ್ನು ಜೋಡಿ ಜೋಡಿಯಾಗಿ ತೂಗಿ ಇಟ್ಟರು. ಈ ಸಲ ಸ್ವಿಚ್ ಒತ್ತಿದಾಗ ನನ್ನನ್ನೂ ಕರೆದರು. ನಾನು ಬಾಗಿಲ ಹೊರಗೆ ನಿಂತೇ ನೋಡಿದೆ. ಯಂತ್ರ ಅಲುಗಲಿಲ್ಲ. ಮುಚ್ಚಳ ತೆಗೆದಾಗ ಹಾಲಿನ ಕೆನೆ ಕೊಳವೆಯ ಮೇಲ್ತುದಿಗೆ ಹಳದಿ ಪಟ್ಟಿಯಂತೆ ಕಟ್ಟಿ ನಿಂತಿತ್ತು.

ಮೊದಲ ಭಾನುವಾರ ಬೀದಿಯವರು, ಪಕ್ಕದ ಬೀದಿಯವರು ಬಂದರು. ದರ್ಜಿ ಬಂದರು, ಬೇಕರಿಯ ಗಂಡಹೆಂಡಿರು ಬಂದರು, ನಿವೃತ್ತ ನರ್ಸ್ ಒಬ್ಬರು ಬಂದರು. ಅತ್ತೆಯೂ ಬಂದರು, ಕುಕ್ಕರನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ನೋಡಲು. ಅಕ್ಕ ವೈರುಗಳನ್ನೆಲ್ಲ ಇನ್ನೊಮ್ಮೆ ಮುಟ್ಟಿ ನೋಡಿ, ಹೊರಡಲು ಅನುವಾದರು.

"ಎಲ್ಲಿಗೆ ಅಕ್ಕ?"

"ನನ್ನ ಕೆಲಸ ಮುಗೀತಲ್ಲ. ಪಾಠ ನಿಂದು."

"ಪಾಠ ಯಾರಿಗೆ ಮಾಡ್ಲಿ? ಕೂತ್ಕೊಳ್ಳಿ," ಎಂದು ಟೀಚರ್ ಮುಂದಿನ ಸಾಲಿನ ಕುರ್ಚಿ ಎಳೆದರು.

ಈರುಳ್ಳಿಯ ಒಳಗಿನ ತೆಳ್ಳನೆಯ ಸಿಪ್ಪೆ ಬಿಡಿಸಿ, ಒಂದು ಹನಿ ಅಯೋಡಿನ್ ಹಾಕಿ ಗಾಜಿನ ಮೇಲಿಟ್ಟರು. ನಟ್ಟು ತಿರುಗಿದಂತೆ ಮಾನಿಟರಿನ ಮಬ್ಬು ತಿಳಿಯಾಗುತ್ತ ಬಂತು. ಇಟ್ಟಿಗೆ ಜೋಡಿಸಿದ ಗೋಡೆಯಂಥ ಸಾಲು ಸಾಲು ಕೋಶಗಳು, ಪ್ರತಿಯೊಂದರಲ್ಲೂ ಒಂದು ಹಳದಿ ಚುಕ್ಕೆ. ಅಕ್ಕ ಎದ್ದು ಪರದೆಯ ಹತ್ತಿರ ಹೋಗಿ ಆ ಚುಕ್ಕೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು.

"ಇಷ್ಟು ದಿನ ಈರುಳ್ಳಿ ಹೆಚ್ಚಿದ್ದೀನಿ," ಎಂದರು. "ಒಂದು ಸಲನೂ ಹೇಳಲಿಲ್ಲ ನೋಡು ಇದು."

ಎಲ್ಲರೂ ನಕ್ಕರು. ಅವರು ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಅನ್ನಿಸಿತು.

ಅಂದೇ ಒಬ್ಬೊಬ್ಬರಿಗೂ ಮುಚ್ಚಳವಿರುವ ಒಂದೊಂದು ಗಾಜಿನ ತಟ್ಟೆ ಕೊಟ್ಟರು. ಆಲೂಗಡ್ಡೆ ರಸಕ್ಕೆ ಸಕ್ಕರೆ, ಗಟ್ಟಿಯಾಗಲು ಅಗರ್ ಪುಡಿ ಸೇರಿಸಿ, ಕುಕ್ಕರಿನಲ್ಲಿ ಬೇಯಿಸಿ, ತಟ್ಟೆಗೆ ಹುಯ್ದು ಹೆಪ್ಪುಗಟ್ಟಿಸಿದ್ದು. ಮನೆಯಲ್ಲಿ ಎಲ್ಲಾದರೂ ಹತ್ತಿ ಸವರಿ, ಅದನ್ನು ತಟ್ಟೆಯ ಮೇಲೆ ಎಳೆದು, ಅಂಟುಪಟ್ಟಿ ಸುತ್ತಿ, ಮೇಲೆ ಹೆಸರು ಬರೆದು ಮಾರನೆಯ ದಿನ ತರಬೇಕು. ತಂದವೆಲ್ಲ ಬೆಚ್ಚನೆಯ ಪೆಟ್ಟಿಗೆಗೆ ಹೋದವು. ಅತ್ತೆ ತಮ್ಮ ಅಡುಗೆಮನೆಯ ಒರೆಸುವ ಬಟ್ಟೆಯನ್ನು ಸವರಿ ತಂದರು. "ಏನೂ ಬರಲ್ಲ ನೋಡಿ, ದಿನಾ ಒಗೀತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಕ್ಕ ತಮ್ಮ ಬೆಂಚಿನ ಎಣ್ಣೆ ಮೆತ್ತಿದ ಇಕ್ಕಳವನ್ನು ಸವರಿ ತಂದರು.

ಮುಂದಿನ ಭಾನುವಾರ ಅಂಟುಪಟ್ಟಿ ಬಿಚ್ಚದೆಯೇ ತಟ್ಟೆಗಳನ್ನು ಸಾಲಾಗಿ ಜೋಡಿಸಿದರು. ಇಕ್ಕಳದ ತಟ್ಟೆಯಲ್ಲಿ ಎರಡೇ ಎರಡು ಬಿಳಿ ಚುಕ್ಕೆ. ಅತ್ತೆಯ ತಟ್ಟೆಯಲ್ಲಿ ಹಸಿರು, ಹಳದಿ, ಕಪ್ಪು, ನಡುವೆ ಕೆಂಪನೆಯದೊಂದು. ತಟ್ಟೆಯಲ್ಲಿ ಜಾಗವೇ ಉಳಿದಿರಲಿಲ್ಲ.

"ಇದು ನಂದಲ್ಲ," ಎಂದರು ಅತ್ತೆ.

"ನಿಮ್ಮ ಕೈಬರಹವೇ ಇದೆ ಅತ್ತೆ," ಟೀಚರ್ ಮೆಲ್ಲಗೆ ಹೇಳಿದರು.

"ಹಾಗಾದ್ರೆ ಪೆಟ್ಟಿಗೆ ಸರಿಯಿಲ್ಲ."

"ಪೆಟ್ಟಿಗೆ ನಾನು ಮಾಡಿದ್ದು," ಎಂದರು ಅಕ್ಕ.

ದರ್ಜಿ ಕಿಸಕ್ಕನೆ ನಕ್ಕು ಕೆಮ್ಮಿದಂತೆ ನಟಿಸಿದರು. ಬಟ್ಟೆ ಒಗೆದರೆ ಸಾಲದು, ಬಿಸಿಲಿನಲ್ಲಿ ಪೂರಾ ಒಣಗಬೇಕು, ಹಸಿಯಾಗಿ ಮುದ್ದೆ ಮಾಡಿಟ್ಟರೆ ಇವೆಲ್ಲ ಹಾಯಾಗಿ ಬೆಳೆಯುತ್ತವೆ, ಎಲ್ಲ ಮನೆಗಳಲ್ಲೂ ಹೀಗೇ ಎಂದು ಟೀಚರ್ ವಿವರಿಸಿದರು. ಅತ್ತೆ ಮನೆಗೆ ಹೋಗಿ, ಸಂಜೆಗೆ ಮನೆಯ ಒರೆಸುವ ಬಟ್ಟೆಗಳನ್ನೆಲ್ಲ ತಾರಸಿಯ ಮೇಲೆ ಹರವಿದ್ದು ಬೀದಿಗೇ ಕಾಣುತ್ತಿತ್ತು. ಅಂದಿನಿಂದ ಒಂದು ಭಾನುವಾರವನ್ನೂ ಅವರು ತಪ್ಪಿಸಿಲ್ಲ. ಪ್ರತಿ ಸಲ ಬೇರೆಯವರ ಮನೆಯ ಯಾವುದೋ ಮೂಲೆಯನ್ನು ಸವರಿ ತರುತ್ತಾರೆ.

ಮೊದಲ ತಂಡದ ಪಾಠ ಮುಗಿಯುವ ಹೊತ್ತಿಗೆ ಎರಡನೆಯದಕ್ಕೆ ಜನ ಸೇರಿದ್ದರು. ದೂರದ ಶಾಲೆಯೊಂದರವರು ಬಂದು ನೋಡಿ, ಅಂಥದೇ ಪೆಟ್ಟಿಗೆ ಮತ್ತು ತಿರುಗುವ ಯಂತ್ರ ಮಾಡಿಕೊಡುವಿರಾ ಎಂದು ಕೇಳಿದರು. ಅಕ್ಕ ಒಪ್ಪಲಿಲ್ಲ. "ಮಾಡಿಕೊಡಲ್ಲ, ಮಾಡೋದು ತೋರಿಸ್ತೀನಿ. ನಿಮ್ಮ ಮೇಷ್ಟ್ರನ್ನ ಕಳಿಸಿ. ಕೆಟ್ಟಾಗ ಪ್ರತಿ ಸಲ ನನ್ನ ಹತ್ರ ಹೊತ್ಕೊಂಡು ಬರ್ತೀರಾ?" ಎಂದರು. ಹಾಗಾಗಿ ಈಗ ಪ್ರತಿ ತಂಡಕ್ಕೂ ಮೊದಲ ಎರಡು ಭಾನುವಾರ ಅಕ್ಕನದೇ ತರಗತಿ. ಬಂದವರೆಲ್ಲ ತಂತಿಯ ಬಳೆ ತಾವೇ ಸುತ್ತಬೇಕು, ಬಲ್ಬು ತಾವೇ ಜೋಡಿಸಬೇಕು, ಕೊಳವೆಗಳನ್ನು ತಾವೇ ತೂಗಿ ಜೋಡಿ ಮಾಡಬೇಕು. ಮೊದಲ ಸಲ ಪಾಠಕ್ಕೆ ಎದ್ದು ನಿಂತಾಗ ಅಕ್ಕ ಮಾತಿಗೆ ಮೊದಲು ಇಕ್ಕಳ ಕೈಗೆತ್ತಿಕೊಂಡರು. ಕೈ ಓಡತೊಡಗಿದ ಮೇಲೆ ಮಾತೂ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಟೀಚರ್ ಒಂದು ಪ್ರಶ್ನೆ ಕೇಳಿದರು. "ಮುಗಿಸೋವರೆಗೂ ಸುಮ್ನಿರೇ, ಹೇಳ್ತೀನಿ," ಎಂದು ಅಕ್ಕನಿಂದ ಗದರಿಸಿಕೊಂಡು ಟೀಚರ್ ನಗುತ್ತ ಕೂತರು.

ಹೋದ ಭಾನುವಾರ ಎಲ್ಲರೂ ಹೋದ ಮೇಲೆ ಇಬ್ಬರೂ ಗಾಜಿನ ತಟ್ಟೆಗಳನ್ನು ಕುಕ್ಕರಿಗೆ ಜೋಡಿಸಿ ಒಲೆಗೇರಿಸಿದರು. ಕೊಳವೆಗಳನ್ನು ಇಡೀ ದಿನ ಮೆಲ್ಲಗೆ ಅಲುಗಾಡಿಸುತ್ತ ಇರುವ ಯಂತ್ರ ಬೇಕೆಂದು ಟೀಚರ್ ಹೇಳುತ್ತಿದ್ದರು.

"ತೊಟ್ಟಿಲ ಥರ?"

"ಹೂಂ, ತೊಟ್ಟಿಲ ಥರಾನೇ. ಆದ್ರೆ ನಿಲ್ಲಬಾರದು."

"ಕಾರಿನ ಗಾಜು ಒರೆಸೋ ಮೋಟಾರು ಒಂದಿದೆ ಅಂಗಡೀಲಿ. ಹಿಂದೆ ಮುಂದೆ ಹೋಗೋದೇ ಅದರ ಕೆಲಸ. ಬಾ, ಈಗಲೇ ನೋಡಿಬಿಡೋಣ."

"ಭಾನುವಾರ ಅಲ್ವಾ ಅಕ್ಕ, ಅಂಗಡಿ ಮುಚ್ಚಿದೆಯಲ್ಲ."

"ಬೀಗದ ಕೈ ನನ್ನ ಹತ್ರಾನೇ ಇದೆ, ಪೆದ್ದಿ," ಎನ್ನುತ್ತ ಅಕ್ಕ ಮುಂದೆ ನಡೆದರು. ಕುಕ್ಕರ್ ಇನ್ನೂ ಒಲೆಯ ಮೇಲಿತ್ತು. ಅದನ್ನು ನೋಡಿಕೊಳ್ಳಲು ನನ್ನನ್ನು ಕೂರಿಸಿ ಹೋದರು.